ಹಸಿದ ಕೌದಿ

ಬಹಳ ಹಿಂದೆ, ಕಾಗೆಗಳು ಇನ್ನೂ ಬೆಳ್ಳಗಿದ್ದು ಅದರಿಂದ ಅವಕ್ಕೆ ವಿಶೇಷ ಪ್ರಯೋಜನವೇನೂ ಆಗದಿದ್ದ ಕಾಲದಲ್ಲಿ, ನೂಲಗಿರಿ ಎಂಬ ರಾಜ್ಯವಿತ್ತು. ರಾಜ್ಯಕ್ಕೊಬ್ಬ ರಾಜ, ರಾಜನಿಗೊಬ್ಬ ಮಂತ್ರಿ, ಮಂತ್ರಿಗೊಂದು ಗಡ್ಡ ಇತ್ತು. ಈ ಕತೆಯಲ್ಲಿ ಇವರಿಂದ ಹೆಚ್ಚಿನ ಕೆಲಸ ಆಗುವುದಿಲ್ಲ. ಆದರೆ ರಾಜನಿಲ್ಲದೆ ಕತೆ ಶುರು ಮಾಡಿದರೆ ಕೇಳುವವರು ಎದ್ದು ಹೋಗುತ್ತಾರೆ, ಅದಕ್ಕೆ ಹೇಳಿದ್ದು.

ಆ ರಾಜ್ಯದ ಪಡುವಣ ಕೇರಿಯಲ್ಲಿ ಬಾಳವ್ವ ಎಂಬ ಹೆಂಗಸು ಕೌದಿ ಹೊಲಿಯುತ್ತಿದ್ದಳು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯಳು ಹೂವವ್ವ, ಚೊಚ್ಚಲ ಬಸುರಿ, ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕಿರಿಯಳು ತುಂಗಿ. ತುಂಗಿಗೆ ಹೊಲಿಗೆ ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಅಂದರೆ ಹೊಲಿಯುತ್ತಿದ್ದಳು, ಆದರೆ ಅದನ್ನು ನೋಡಿದ ದೊಡ್ಡವ್ವ, ಅಂದರೆ ಬಾಳವ್ವನ ಅಕ್ಕ, "ಇರುವಿ ಸಾಲು ಸೆರೆ ಕುಡದು ಹೊಂಟಂಗ ಐತಿ" ಅನ್ನುತ್ತಿದ್ದಳು. ಹಾಗಾಗಿ ತುಂಗಿಯ ಕೈಗೆ ಸೂಜಿಯ ಬದಲು ಪುಸ್ತಕ ಕೊಟ್ಟರು.

ಆ ಮನೆಯ ಪದ್ಧತಿ ಹೀಗಿತ್ತು. ಮಧ್ಯಾಹ್ನದ ಊಟ ಮುಗಿದ ಮೇಲೆ ಪಡಸಾಲೆಯಲ್ಲಿ ಹಳೆಯ ಸೀರೆ, ಧೋತರ, ಅಂಗಿಯ ತೇಪೆಗಳನ್ನು ಹಾಸಿ, ಹೆಂಗಸರು ಒಬ್ಬೊಬ್ಬರು ಒಂದೊಂದು ಅಂಚು ಹಿಡಿದು ಕೂರುತ್ತಿದ್ದರು. ಹೊಲಿಗೆ ಅಂಚಿನಿಂದ ಸುತ್ತುತ್ತ ಸುತ್ತುತ್ತ ಒಳಕ್ಕೆ ಬರುತ್ತಿತ್ತು. ತುಂಗಿ ಕಂಬಕ್ಕೆ ಒರಗಿ ಕತೆ ಓದುತ್ತಿದ್ದಳು. ಹೊಲಿಯುವವರು ಸಾಲಿಗೊಂದು "ಹೂಂ" ಅನ್ನಬೇಕು. ಅನ್ನದಿದ್ದರೆ ಓದುವವರು ಅಲ್ಲೇ ನಿಲ್ಲಿಸಬಹುದು, ಅದು ಓದುವವರ ಹಕ್ಕು.

ಇನ್ನೊಂದು ಪದ್ಧತಿಯಿತ್ತು. ಸುತ್ತಿ ಸುತ್ತಿ ಬಂದ ಹೊಲಿಗೆ ನಡುವೆ ಅಂಗೈಯಷ್ಟು ಜಾಗ ಬಿಟ್ಟು ನಿಲ್ಲುತ್ತದಲ್ಲ, ಅದು ಕೌದಿಯ ಹೊಟ್ಟೆ. ಅದರೊಳಗೆ ಒಂದು ಚೂರು ರೊಟ್ಟಿ, ಒಂದು ಚೂರು ಬೆಲ್ಲ ಇಟ್ಟು, "ಉಂಡು ಬೆಚ್ಚಗಿರು, ಹೊದ್ದವರನ್ನ ಬೆಚ್ಚಗಿಡು" ಎಂದು ಹೇಳಿ ಹೊಟ್ಟೆ ಮುಚ್ಚಬೇಕು. ಹಸಿದ ಕೌದಿ ಹೊದ್ದವರನ್ನು ಮಲಗಗೊಡುವುದಿಲ್ಲ ಎಂಬುದು ಆ ಕೇರಿಯವರ ತಿಳಿವಳಿಕೆ. ಪರೀಕ್ಷೆ ಮಾಡಿ ನೋಡಿದವರು ಯಾರೂ ಇರಲಿಲ್ಲ. ಒಂದು ಚೂರು ರೊಟ್ಟಿಯಲ್ಲಿ ಹೋಗುವುದನ್ನು ಯಾರು ಪರೀಕ್ಷಿಸುತ್ತಾರೆ?

ಒಮ್ಮೆ ಕರಿಯ ನಿಲುವಂಗಿ ತೊಟ್ಟ ಉದ್ದನೆಯ ಮನುಷ್ಯನೊಬ್ಬ ಬಂದು ದೊಡ್ಡ ಕೌದಿ ಬೇಕೆಂದ. ಬಟ್ಟೆ ತಾನೇ ತಂದಿದ್ದ. ಅದರಲ್ಲಿ ಒಂದು ಮೋಡದ ತುಂಡೂ ಇತ್ತು. ದೊಡ್ಡವ್ವ ಅದನ್ನು ಹಿಂಡಿ, ಒಣಹಾಕಿ, ಮೂಲೆಗೆ ಹಚ್ಚಿ ಹೊಲಿದಳು. ಗಿರಾಕಿ ಏನು ತಂದರೂ ಹೊಲಿದು ಕೊಡುವುದು ಅವಳ ಧರ್ಮ.

ಕೌದಿ ಮುಗಿಯುವ ದಿನ ತುಂಗಿ ಒಂದು ಭಾರಿ ಕತೆ ಓದುತ್ತಿದ್ದಳು. ರಾಜಕುಮಾರನೊಬ್ಬ ಒಂದು ಬಾಗಿಲನ್ನು ಹುಡುಕಿಕೊಂಡು ಏಳು ದೇಶ ತಿರುಗಿ, ಚಪ್ಪಲಿ ಸವೆಸಿ, ಕೊನೆಗೆ ಅದರ ಮುಂದೆ ನಿಂತಿದ್ದ. ಹೆಂಗಸರ ಸೂಜಿಗಳು ಓಡುತ್ತಿದ್ದವು, ಹೂಂಗಳು ದಪ್ಪವಾಗುತ್ತಿದ್ದವು.

"'ರಾಜಕುಮಾರ ಬಾಗಿಲು ತಳ್ಳಿದ. ಬಾಗಿಲು ತೆರೆಯಿತು. ಒಳಗೆ...'" ಎಂದು ಓದಿ ತುಂಗಿ ಪುಟ ತಿರುವಬೇಕು, ಅಷ್ಟರಲ್ಲಿ ಹೊಸ್ತಿಲ ಮೇಲೆ ಉದ್ದನೆಯ ನೆರಳು ಬಿತ್ತು.

"ಕೌದಿ ಆಯಿತೇ?" ಎಂದ ಗಿರಾಕಿ.

ತುಂಗಿ ಪುಸ್ತಕ ಮುಚ್ಚಿ ಎದ್ದಳು. ಕತೆ ತುಂಡಾದ ಸಿಟ್ಟಿಗೆ ಹೆಂಗಸರು ದಡದಡ ಹೊಟ್ಟೆ ಹೊಲಿದು, ಮಡಚಿ, ಅವನ ಕೈಗಿತ್ತರು. ಸಂಜೆ ಹೂವವ್ವನ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ನೆಂಟರು ಬಂದು ಇಳಿದರು. ಆ ಗದ್ದಲದಲ್ಲಿ ಪಡಸಾಲೆಯ ತಾಟಿನಲ್ಲಿ ಒಂದು ಚೂರು ರೊಟ್ಟಿ, ಒಂದು ಚೂರು ಬೆಲ್ಲ ಹಾಗೇ ಉಳಿದಿದ್ದನ್ನು ತುಂಗಿ ನೋಡಿದಳು. ಯಾರದ್ದಿದು ಎಂದು ಕೇಳುವಷ್ಟರಲ್ಲಿ ನಾಯಿ ತಿಂದು ಬಾಯಿ ನೆಕ್ಕಿಕೊಂಡಿತು.

ಮರುದಿನ ಅವಳು ಪುಸ್ತಕ ತೆರೆದಾಗ ಕೊನೆಯ ಪುಟ ಖಾಲಿಯಾಗಿತ್ತು. ಇಲಿ ತಿಂದಿದ್ದರೆ ಕಾಗದವೂ ಹೋಗಬೇಕಿತ್ತು. ಕಾಗದ ಇತ್ತು, ಕತೆಯ ಕೊನೆ ಮಾತ್ರ ಇರಲಿಲ್ಲ. ಅವಳು ಮನೆಯ ಬೇರೆ ಪುಸ್ತಕಗಳನ್ನು ತೆಗೆದಳು. ಎಲ್ಲ ಕತೆಗಳೂ ಶುರುವಾಗಿ, ಸಾಕಷ್ಟು ದೂರ ನಡೆದು, ಬಿಳಿಯ ಪುಟಕ್ಕೆ ಬಂದು ಬಾಯಿ ಬಿಟ್ಟುಕೊಂಡು ನಿಂತಿದ್ದವು.

ಪುಸ್ತಕಕ್ಕಷ್ಟೇ ಆಗಿದ್ದರೆ ರಾಜ್ಯ ಗಮನಿಸುತ್ತಿರಲಿಲ್ಲ. ಆದರೆ ಅಂದಿನಿಂದ ನೂಲಗಿರಿಯಲ್ಲಿ ಯಾವುದೂ ಮುಗಿಯದಾಯಿತು. ಹಂಚಿನ ಮೇಲಿನ ರೊಟ್ಟಿ ಬೇಯುತ್ತಲೇ ಇತ್ತು. ಜಗಳಗಳು ನಡೆಯುತ್ತಲೇ ಇದ್ದವು. ಕುಬಸಕ್ಕೆ ಬಂದ ನೆಂಟರು ದಿನಾ ಗಂಟು ಕಟ್ಟಿ, ಹೊಸ್ತಿಲವರೆಗೆ ಹೋಗಿ, "ಅಂದಂಗ ಒಂದು ಮಾತು ಮರತೆ" ಎಂದು ಮರಳಿ ಕೂರುತ್ತಿದ್ದರು. ರಾಜ ಈ ಬಗ್ಗೆ ತುರ್ತು ಸಭೆ ಕರೆದ. ಸಭೆ ಇನ್ನೂ ನಡೆಯುತ್ತಿತ್ತು. ಸಭೆಗೆ ಮುಂಚೆ ಕರಿಗುಡ್ಡದ ಮಾಂತ್ರಿಕನ ಮೇಲೆ ಕಳಿಸಿದ ಸೈನ್ಯ ನಡೆದೇ ನಡೆದಿತ್ತು, ಎಲ್ಲಿಗೂ ಮುಟ್ಟಿರಲಿಲ್ಲ.

ಹೂವವ್ವನಿಗೆ ದಿನ ತುಂಬಿ, ತಿಂಗಳು ತುಂಬಿ, ಮತ್ತೊಂದು ತಿಂಗಳೂ ತುಂಬಿತು. ಕೂಸು ಹೊರಬರಲಿಲ್ಲ. ಕೂಸಿಗೆಂದು ಬಾಳವ್ವ ಹೊಲಿಯುತ್ತಿದ್ದ ಪುಟ್ಟ ಕೌದಿಯೂ ಮುಗಿಯಲಿಲ್ಲ. ಕೊನೆಯ ಗಂಟು ಹಾಕಿದರೆ ಬಿಚ್ಚಿಕೊಳ್ಳುತ್ತಿತ್ತು. ಹೂವವ್ವ ಗೋಡೆ ಹಿಡಿದು ಕೂರುವವಳು ಈಗ ಗೋಡೆ ಹಿಡಿದೂ ಕೂರಲಾರದಾದಳು. ಸೂಲಗಿತ್ತಿ ಫಕೀರವ್ವ ಬಂದವಳು ಅಲ್ಲೇ ಉಳಿದಿದ್ದಳು. ಮನೆಮಂದಿಯೆಲ್ಲ ಹಿಂದೆ ಮಾಡಿಟ್ಟ ಕಡಕ್ ರೊಟ್ಟಿಯ ಮೇಲೆ ಬದುಕಿದ್ದರು. ಅದು ತಿಂಗಳುಗಟ್ಟಲೆ ಇಟ್ಟರೂ ಕೆಡುವುದಿಲ್ಲ, ಆದರೆ ತಿಂದರೆ ಕಮ್ಮಿಯಾಗುತ್ತದೆ.

ಒಂದು ಮುಂಜಾನೆ ಫಕೀರವ್ವ ಹೂವವ್ವನ ನಾಡಿ ನೋಡಿ, ತುಂಗಿಯನ್ನು ಹಿತ್ತಲಿಗೆ ಕರೆದಳು.

"ನೋಡವ್ವ ತುಂಗಿ, ಒಳಗಿಂದು ಗಟ್ಟಿ ಐತಿ, ಒದಿತದ. ನಿಮ್ಮಕ್ಕನ ಕಡೆ ಶಕ್ತಿ ಉಳದಿಲ್ಲ. ಇನ್ನ ಬಾಳ ದಿನಾ ತಡಿಯಂಗಿಲ್ಲ ಆಕಿ. ಇದು ಸುಮ್ನ ಆಗಿದ್ದಲ್ಲ. ನಿಮ್ಮ ಮನ್ಯಾಗ ಏನರ ಅರ್ಧಕ್ಕ ಬಿಟ್ಟೀರೇನು?"

ತುಂಗಿಗೆ ತಾಟು ನೆನಪಾಯಿತು, ನಾಯಿ ನೆನಪಾಯಿತು, ತೆರೆದ ಬಾಗಿಲು ನೆನಪಾಯಿತು. ಒಳಗೆ ಹೋಗಿ ಅವ್ವನಿಗೆ ಹೇಳಿದಳು.

ಬಾಳವ್ವ ಬಾಯಿಗೆ ಸೆರಗು ಹಚ್ಚಿದಳು. "ಹಸಕೊಂಡ ಹೋಗೇತಲ್ಲ ಅದು," ಎಂದಳು. "ಇಷ್ಟು ವರ್ಷದಾಗ ಒಂದ ಕೌದಿನೂ ನಾ ಹಸದು ಕಳಸಿದ್ದಿಲ್ಲ."

"ನಾ ಹೋಗಿ ಉಣಿಸಿ ಬರ್ತೀನಿ ಬೇ. ಆ ಮನಷ್ಯಾ ಕರಿಗುಡ್ಡದ ದಾರಿ ಹಿಡದಿದ್ದ, ನಾ ನೋಡೀನಿ."

"ಸೈನ್ಯಾನ ಮುಟ್ಟಲಿಲ್ಲ, ನೀ ಮುಟ್ಟತೀ?" ಎಂದಳು ದೊಡ್ಡವ್ವ.

"ಅವರು ಮುಟ್ಟಬೇಕಂತ ಹೋದ್ರು. ನಾ ಮುಂದಿನ ತಿರುವಿನ್ಯಾಗ ಏನೈತಿ ಅಂತ ನೋಡಾಕ ಹೋಗ್ತೀನಿ, ಅಷ್ಟ."

ದೊಡ್ಡವ್ವನಿಗೆ ಇದು ಅರ್ಥವಾಗಲಿಲ್ಲ. ಆದರೆ ಆ ಹುಡುಗಿ ಹುಟ್ಟಿದಂದಿನಿಂದ ಹಾಗೇ ಇದ್ದುದರಿಂದ ವಾದಿಸಲಿಲ್ಲ. ಬಾಳವ್ವ ಡಬ್ಬಿಯ ತಳದಲ್ಲಿದ್ದ ಕಡಕ್ ರೊಟ್ಟಿಗಳನ್ನು ತೆಗೆದು, ಶೇಂಗಾ ಚಟ್ನಿಯೊಂದಿಗೆ ಬುತ್ತಿ ಕಟ್ಟಿದಳು. ಒಂದು ಚೂರು ರೊಟ್ಟಿ, ಒಂದು ಚೂರು ಬೆಲ್ಲವನ್ನು ಬೇರೆಯಾಗಿ ಮಗಳ ಸೆರಗಿನ ತುದಿಗೆ ಗಂಟು ಹಾಕಿದಳು. ಗಂಟು ನಿಲ್ಲಲಿಲ್ಲ. ಸೂಜಿಯಿಂದ ಚುಚ್ಚಿ ಸಿಕ್ಕಿಸಿದಳು. "ಇದನ್ನ ಯಾರಿಗೂ ಕೊಡಬ್ಯಾಡ," ಎಂದಳು. ಹೂವವ್ವ ತಂಗಿಯ ಕೈ ಹಿಡಿದು ಬಿಟ್ಟಳು, ಅಷ್ಟೇ.

ತುಂಗಿ ಹೊರಟಳು. ದಾರಿಯಲ್ಲಿ ರಾಜನ ಸೈನ್ಯ ನಡೆಯುತ್ತಿತ್ತು. ಸೇನಾಪತಿ, "ಇನ್ನೇನು ಬಂತು" ಎಂದು ಎಲ್ಲರಿಗೂ ಧೈರ್ಯ ಹೇಳುತ್ತಿದ್ದ. ತುಂಗಿ ಅವರನ್ನು ದಾಟಿ, ಮುಂದಿನ ತಿರುವಿನಲ್ಲಿ ಏನಿದೆ ಎಂದು ನೋಡಿದಳು. ಹುಣಸೆಮರ ಇತ್ತು. ಅದರ ಮುಂದಿನ ತಿರುವಿನಲ್ಲಿ ಏನಿದೆ ಎಂದು ನೋಡಿದಳು. ಹುಲಿ ಇತ್ತು.

ಹುಲಿ ಒಂದು ಪಂಜ ಮೇಲೆತ್ತಿಕೊಂಡು ಕೂತಿತ್ತು. ಎದುರಿಗೆ ಒಬ್ಬ ದಾರಿಹೋಕ ಕೊಡೆಯನ್ನು ಅಡ್ಡ ಹಿಡಿದು ಕೂತಿದ್ದ. ಇಬ್ಬರೂ ಬಹಳ ದಣಿದಿದ್ದರು.

"ನಿಲ್ಲು," ಎಂದಿತು ಹುಲಿ. "ನಾನು ಇವನ ಮೇಲೆ ಹಾರಿದ್ದೆ. ತಿಂದೆನೋ ಬಿಟ್ಟೆನೋ ಅಂತ ಗೊತ್ತಾಗುವ ಮೊದಲೇ ಕತೆಯ ಕೊನೆ ಹೋಯಿತು. ಮುಂದೇನಾಯಿತು ಅಂತ ಹೇಳಿದವರನ್ನ ಮಾತ್ರ ದಾಟಿಸುತ್ತೇನೆ."

"ತಿಂದಿ," ಎಂದಳು ತುಂಗಿ.

"ಆಮೇಲೆ?"

"ಮಲಕೊಂಡಿ."

"ಆಮೇಲೆ?"

ಈ ಹಾದಿಗೆ ಕೊನೆಯಿಲ್ಲ ಎಂದು ತುಂಗಿಗೆ ತಿಳಿಯಿತು. ಕೊನೆ ಕದ್ದಿದ್ದಾರೆ, ಆದರೆ ಮೊದಲನ್ನು ಯಾರೂ ಮುಟ್ಟಿಲ್ಲವಲ್ಲ. ಅವಳು ನಿಜವಾಗಿಯೂ ಕುತೂಹಲದಿಂದ ಕೇಳಿದಳು: "ಅದಿರಲಿ ಹುಲಿಯಪ್ಪ, ನಿಮ್ಮಿಬ್ಬರದು ಶುರುವಾಗಿದ್ದು ಹೆಂಗ?"

ಇದನ್ನು ಹುಲಿಗೆ ಯಾರೂ ಕೇಳಿರಲಿಲ್ಲ. ಅದು ಪಂಜ ಕೆಳಗಿಳಿಸಿತು. "ನಾನು ನೀರು ಕುಡಿಯುತ್ತಿದ್ದೆ. ಇವನು ಬಂದು ಸುಮ್ಮನೆ ನನ್ನನ್ನು ಕೆಣಕಿದ."

"ಸುಳ್ಳು," ಎಂದ ದಾರಿಹೋಕ. "ಮೊದಲು ಬಂದವನು ನಾನು. ಕೊಡೆ ಬಿಚ್ಚಿದೆ. ನೀನೇ ಹೆದರಿದ್ದು."

"ಕೊಡೆಗೆ ನಾನು ಹೆದರುವುದೇ? ಹೇಳಮ್ಮ, ನನ್ನ ಮುಖ ನೋಡು."

"ಹೂಂ," ಎಂದಳು ತುಂಗಿ. ಇಬ್ಬರ ನಡುವೆ ಚಟ್ನಿ ಹಚ್ಚಿದ ಎರಡು ರೊಟ್ಟಿ ಇಟ್ಟು, ಅವರ ಮಾತಿನ ನಡುವೆಯೇ ದಾಟಿ ನಡೆದಳು. ಜಗಳಕ್ಕೆ ಕೊನೆಯಿಲ್ಲದ ರಾಜ್ಯದಲ್ಲಿ ಅವಳು ಬಹಳ ದೂರ ಹೋದ ಮೇಲೂ ಹಿಂದಿನಿಂದ ಮಾತು ಕೇಳುತ್ತಿತ್ತು: "ಚಟ್ನಿಗೆ ಉಪ್ಪು ಕಮ್ಮಿ" ಎನ್ನುತ್ತಿದ್ದುದು ಹುಲಿ.

ಮುಂದಿನ ತಿರುವಿನಲ್ಲಿ ಏನಿದೆ ಎಂದು ನೋಡಿದಳು. ಕಲ್ಲಿನ ಕಮಾನು, ಅದರ ಮೇಲೊಂದು ಗಿಳಿ.

"ಮಾಂತ್ರಿಕನ ಜೀವ ನಿನ್ನೊಳಗೈತೇನು?" ಎಂದು ಕೇಳಿದಳು ತುಂಗಿ. ಅವಳು ಓದಿದ ಕತೆಗಳಲ್ಲಿ ಹಾಗೆ ಇರುತ್ತಿತ್ತು.

"ಒಮ್ಮೆ ಇಟ್ಟಿದ್ದರು," ಎಂದಿತು ಗಿಳಿ. "ನನಗೆ ಅಜೀರ್ಣವಾಯಿತು, ವಾಪಸು ತೆಗೆದುಕೊಂಡು ಹೋದರು. ಈಗ ಒಗಟು ಕೇಳುವ ಕೆಲಸ. ಸರಿಯಾದ ಉತ್ತರ ಹೇಳಿದವರಿಗೆ ದಾರಿ, ತಪ್ಪು ಹೇಳಿದವರು ಕಲ್ಲು. ಕೇಳು. ಮೈತುಂಬ ಚುಚ್ಚಿದರೂ ನೋವಿಲ್ಲ. ಹತ್ತು ಮನೆಯ ಸೀರೆ ಉಟ್ಟರೂ ಮದುವೆಯಿಲ್ಲ. ಹಗಲು ಮೂಲೆಯಲ್ಲಿ, ಇರುಳು ಮೈಮೇಲೆ. ಏನದು?"

ಕೌದಿ ಹೊಲಿಯುವವಳ ಮಗಳಿಗೆ ಇದು ಒಗಟೇ ಅಲ್ಲ. "ಕೌದಿ," ಎಂದಳು.

ಗಿಳಿ ಕತ್ತು ಓರೆ ಮಾಡಿತು. "ಇರಬಹುದು. ಇರಲಿಕ್ಕಿಲ್ಲ. ಒಗಟಿನ ಕೊನೆ ಉತ್ತರವಲ್ಲವೇ? ಅದೂ ಹೋಗಿದೆ. ನಾನು ಮರೆತಿದ್ದೇನೆ."

"ಮತ್ತ ಇಲ್ಲಿ ಬಂದವರೆಲ್ಲ?"

"ನಿಂತಿದ್ದಾರೆ. ಉತ್ತರ ಸರಿಯೆಂದು ನಾನು ಹೇಳಲಿ ಎಂದು ಕಾಯುತ್ತ." ಕಮಾನಿನ ಆಚೀಚೆ ಕೆಲವರು ನಿಂತಿದ್ದುದನ್ನು ತುಂಗಿ ಆಗ ನೋಡಿದಳು. ಪಂಡಿತರು, ಪೈಲವಾನರು, ಒಬ್ಬ ರಾಜಕುಮಾರನೂ ಇದ್ದ. ಕಲ್ಲಾಗಿರಲಿಲ್ಲ. ಆದರೆ ಹೆಚ್ಚು ವ್ಯತ್ಯಾಸವೂ ಇರಲಿಲ್ಲ.

"ತಪ್ಪು ಅಂತ ಹೇಳಾಕ ಬರ್ತದೇನು ನಿನಗ?"

"ಅದೂ ಬರುವುದಿಲ್ಲ."

"ಹಂಗಾರ ತಪ್ಪು ಅನ್ನೂತನಕ ನಾ ನಡೀತಿರ್ತೀನಿ," ಎಂದು ತುಂಗಿ ಒಂದು ರೊಟ್ಟಿಯನ್ನು ಗಿಳಿಗಾಗಿ ಕಮಾನಿನ ಮೇಲೆ ಮುರಿದಿಟ್ಟು ನಡೆದಳು. ಗಿಳಿ ಆಕ್ಷೇಪಿಸಲು ಬಾಯಿ ತೆರೆದು, ರೊಟ್ಟಿ ಕಚ್ಚಿತು. ನಿಂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊರಡಲಿಲ್ಲ.

ಅದರ ಮುಂದಿನ ತಿರುವಿನಲ್ಲಿ ಏನಿದೆ ಎಂದು ನೋಡಿದಳು. ಕರಿಗುಡ್ಡದ ಕೋಟೆ, ಕೋಟೆಯ ಬಾಗಿಲಲ್ಲಿ ಒಬ್ಬ ರಕ್ಕಸಿ. ಕೋರೆಹಲ್ಲು, ಕೆಂಪು ಕೂದಲು, ಮೂಗಿನ ಮೇಲೆ ಬೆವರು. ಗುಡಾರದಷ್ಟು ದೊಡ್ಡ ಲಂಗವನ್ನು ತೊಡೆಯ ಮೇಲೆ ಹಾಕಿಕೊಂಡು ಹೊಲಿಯುತ್ತಿದ್ದಳು.

"ಬಾ ಕೂಸ," ಎಂದಳು ರಕ್ಕಸಿ. "ನಾ ಇಲ್ಲಿ ಅಡಗಿ ಮಾಡಾಕಿ. ಈ ಲಂಗದ ಅಂಚು ಹರದು ಎಷ್ಟ ದಿನ ಆತೋ. ಹೊಲೀತೀನಿ, ಗಂಟ ಹಾಕ್ತೀನಿ, ಗಂಟ ಜಾರ್ತದ, ಹೊಲಿಗಿ ಎಲ್ಲಾ ಬಿಚ್ಚತದ. ನೀ ಹೊಲದ ಕೊಟ್ಟರ ಒಳಗ ಬಿಡ್ತೀನಿ. ಇಲ್ಲಂದ್ರ ನುಂಗ್ತೀನಿ. ಅದೂ ಪೂರಾ ನುಂಗಾಕ ಆಗಂಗಿಲ್ಲ, ಅರ್ಧಕ್ಕ ನಿಲ್ತದ. ನಿನಗೂ ತ್ರಾಸು, ನನಗೂ ತ್ರಾಸು."

ತುಂಗಿ ಸೂಜಿ ತೆಗೆದುಕೊಂಡಳು. ಗಂಟು ಅಂದರೆ ಕೊನೆ. ಕೊನೆ ಇಲ್ಲದೆ ಹೊಲಿಯುವುದು ಹೇಗೆ ಎಂದು ಲಂಗವನ್ನು ತಿರುವಿ ತಿರುವಿ ನೋಡಿದಳು. ಲಂಗದ ಅಂಚು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ? ಎಲ್ಲೂ ಇಲ್ಲ, ಅದು ಸುತ್ತು. ಅವಳು ಹೊಲಿಯುತ್ತ ಒಂದು ಸುತ್ತು ಬಂದು, ನಿಲ್ಲಿಸದೆ ಮೊದಲ ಹೊಲಿಗೆಯ ಮೇಲೆಯೇ ಸೂಜಿ ಏರಿಸಿ, ಮತ್ತೊಂದು ಸುತ್ತು ಹಾಕಿದಳು. ದಾರ ದಾರವನ್ನು ಹಿಡಿದುಕೊಂಡಿತು. ಮುಗಿಯಲಿಲ್ಲ. ಬಿಚ್ಚಲೂ ಇಲ್ಲ.

ರಕ್ಕಸಿ ಎಳೆದು ನೋಡಿದಳು. "ಗಟ್ಟಿ ಐತಿ. ಆದ್ರ ಭಾಳ ಸೊಟ್ಟ."

"ಮನ್ಯಾಗೂ ಹಂಗ ಅಂತಾರ," ಎಂದು ತುಂಗಿ ಉಳಿದ ರೊಟ್ಟಿಯನ್ನು ಬುತ್ತಿಯ ಸಮೇತ ಅವಳಿಗೆ ಕೊಟ್ಟು ಒಳಗೆ ಹೋದಳು. ಸೆರಗಿನ ತುದಿಯನ್ನು ಮುಟ್ಟಿ ನೋಡಿಕೊಂಡಳು. ಅದು ಇತ್ತು.

ಕೋಟೆಯ ನಡುಮನೆಯಲ್ಲಿ, ಹಾಡಹಗಲಲ್ಲಿ, ಕಿಟಕಿಗಳಿಗೆಲ್ಲ ಪರದೆ ಎಳೆದು, ಮಾಂತ್ರಿಕ ಕರಾಳದತ್ತ ಮಂಚದ ಮೇಲೆ ಮಲಗಿದ್ದ. ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು, ಆದರೆ ಈ ಕಸುಬಿಗೆ ಅದು ಒಗ್ಗುವಂಥದಲ್ಲ. ಕಣ್ಣು ಕೆಂಡದಂತಿದ್ದವು. ಅದು ಕ್ರೌರ್ಯ ಎಂದು ನಾಡಿನವರು ನಂಬಿದ್ದರು. ಹತ್ತಿರದಿಂದ ನೋಡಿದರೆ ನಿದ್ದೆಗೆಟ್ಟದ್ದು ಎಂದು ಯಾರಿಗಾದರೂ ತಿಳಿಯುತ್ತಿತ್ತು. ಮೈಮೇಲೆ ಅವಳ ಮನೆಯ ಕೌದಿ. ಮೂಲೆಯಲ್ಲಿ ದೊಡ್ಡವ್ವ ಹೊಲಿದ ಮೋಡದ ತುಂಡು. ನಡುವಿನ ಹೊಟ್ಟೆ ಉಬ್ಬಿ, ಗುರ್ ಎನ್ನುತ್ತಿತ್ತು.

"ಯಾರು ನೀನು?" ಎಂದ ಕರಾಳದತ್ತ. "ಇಲ್ಲಿಗೆ ಬಂದವರ ಕತೆಯ ಕೊನೆಯನ್ನು ನಾನು ಕಿತ್ತು ಇದಕ್ಕೆ ಹಾಕುತ್ತೇನೆ. ಆಮೇಲೆ ಅವರು ಕೊನೆಯಿಲ್ಲದೆ ಅಲೆಯುತ್ತಾರೆ."

"ಅಲದರ ಏನ್ ಕಾಣ್ತದ?" ಎಂದು ಕೇಳಿದಳು ತುಂಗಿ.

ಮಾಂತ್ರಿಕ ಸ್ವಲ್ಪ ಯೋಚಿಸಿದ. "ಅದನ್ನು ಯಾರೂ ಕೇಳಿರಲಿಲ್ಲ," ಎಂದು ಒಪ್ಪಿಕೊಂಡ. ಆಮೇಲೆ, ಬಹಳ ದಿನಗಳಿಂದ ಮಾತಾಡಲು ಯಾರೂ ಸಿಕ್ಕಿರದ ಕಾರಣ, ಎದ್ದು ಕೂತು ಎಲ್ಲವನ್ನೂ ಹೇಳಿದ. ಕೌದಿ ತಂದ ರಾತ್ರಿಯೇ ಅದು ಗುರ್ ಎಂದಿತ್ತು. ಅನ್ನ ಇಟ್ಟ, ಆಡು ಇಟ್ಟ, ಒಲ್ಲೆ ಎಂದಿತು. ದಿಂಬಿನ ಹತ್ತಿರ ಇದ್ದ ಪುಸ್ತಕವೊಂದರ ಕೊನೆಯ ಪುಟವನ್ನು ನೆಕ್ಕಿ ಸ್ವಲ್ಪ ಹೊತ್ತು ಸುಮ್ಮನಾಯಿತು. ಅಷ್ಟು ಸಾಕಲ್ಲ. ಅವನು ಮಂತ್ರ ಹಾಕಿ ನೂಲಗಿರಿಯ ಕೊನೆಗಳನ್ನೆಲ್ಲ ಎಳೆದುಕೊಂಡ. ಕತೆಯ ಕೊನೆ ಮಾತ್ರ ಬರಲಿ ಎಂದೇ ಹಾಕಿದ್ದ. ಆದರೆ ಮಂತ್ರಕ್ಕೆ ಅಷ್ಟು ನಯನಾಜೂಕು ಎಲ್ಲಿಯದು? ಸಿಕ್ಕಿದ್ದನ್ನೆಲ್ಲ ಬಳಿದುಕೊಂಡು ಬಂತು.

"ಅಷ್ಟು ತಿಂದರೂ ಇದರ ಹಸಿವು ಹೋಗಿಲ್ಲ, ನನಗೆ ನಿದ್ದೆ ಬಂದಿಲ್ಲ," ಎಂದ.

"ಸರೀರಿ, ಅದರ ಪಾಲು ನಾ ತಂದೀನಿ," ಎಂದು ತುಂಗಿ ಸೆರಗಿನ ಸೂಜಿ ಕಿತ್ತಳು. ಅದೇ ಸೂಜಿಯ ಮೊನೆಯಿಂದ ಕೌದಿಯ ಹೊಟ್ಟೆಯ ಹೊಲಿಗೆಯನ್ನು ಒಂದೊಂದಾಗಿ ಎತ್ತಿದಳು.

ಹೊಟ್ಟೆಯೊಳಗೆ ಕೊನೆಗಳಿದ್ದವು. ದಾರದ ತುಣುಕುಗಳ ಹಾಗೆ, ಬಣ್ಣಬಣ್ಣದವು, ಒಂದರ ಮೇಲೊಂದು ಸುತ್ತಿಕೊಂಡು. ಮದುವೆಯಲ್ಲಿ ಮುಗಿಯುವ ಕತೆಗಳವು ಅರಿಸಿನ ಬಣ್ಣ. ಜಗಳಗಳ ಕೊನೆ ಬೂದಿ ಬಣ್ಣ. ಅಲ್ಲಿ ಒಂದು ಕೆಂಪು ಎಳೆ, ಒದ್ದೆಯಾಗಿ, ಬೆಚ್ಚಗೆ, ಮಿಸುಕುತ್ತಿತ್ತು. ಅದು ಯಾವುದರ ಕೊನೆ ಎಂದು ತುಂಗಿಗೆ ಯಾರೂ ಹೇಳಬೇಕಾಗಲಿಲ್ಲ. ಅವಳು ಅದನ್ನು ಅಂಗೈಗೆ ತೆಗೆದುಕೊಂಡಳು. ಅದು ಒದೆಯಿತು.

ಕರಾಳದತ್ತ ಅವಳ ಮುಖ ನೋಡಿದ. "ನಿನ್ನದೇ? ಒಯ್ಯಿ. ಅದೊಂದನ್ನು ಬಿಟ್ಟುಕೊಡುತ್ತೇನೆ. ಉಳಿದದ್ದನ್ನು ಮುಚ್ಚಿ ಹೋಗು."

ತುಂಗಿ ಎದ್ದು ನಿಂತಳು. ಬಾಗಿಲವರೆಗೂ ಹೋದಳು. ಆಮೇಲೆ ಏನು, ಎಂದು ತನ್ನನ್ನೇ ಕೇಳಿಕೊಂಡಳು. ಆಮೇಲೆ ಕೂಸು ಹುಟ್ಟುತ್ತದೆ. ಅಳುತ್ತದೆ. ಆ ಅಳು ಮುಗಿಯುವುದಿಲ್ಲ. ಹೂವಕ್ಕ ಜೋಗುಳ ಹಾಡುತ್ತಾಳೆ, ಜೋಗುಳವೂ ಮುಗಿಯುವುದಿಲ್ಲ. ಆಕೆ ಮಲಗುವುದು ಯಾವಾಗ? ಕೂಸು ನಡೆಯಲು ಕಲಿತು ಅವ್ವನ ಕಡೆ ಹೊರಟರೆ, ಆ ಸೈನ್ಯದ ಹಾಗೆ, ಮುಟ್ಟುವುದೇ ಇಲ್ಲ.

ಅದೂ ಅಲ್ಲದೆ, ಬಾಗಿಲ ಒಳಗೆ ಏನಿತ್ತು ಎಂಬುದು ಅವಳಿಗೆ ಇನ್ನೂ ಗೊತ್ತಾಗಿರಲಿಲ್ಲ. ಎರಡರಲ್ಲಿ ಯಾವುದು ಅವಳನ್ನು ಹೆಚ್ಚು ಎಳೆಯಿತು ಎಂದು ಹೇಳುವುದು ಕಷ್ಟ. ಅಂತೂ ಮರಳಿ ಬಂದು ಕೂತಳು. ಕೆಂಪು ಎಳೆಯನ್ನು ಉಡಿಯಲ್ಲಿ ಇಟ್ಟುಕೊಂಡು, ರೊಟ್ಟಿ ಬೆಲ್ಲವನ್ನು ಕೌದಿಯ ಹೊಟ್ಟೆಗೆ ಹಾಕಿ, "ತಡಾ ಆತವ್ವ, ಸಿಟ್ಟಾಗಬ್ಯಾಡ. ಉಂಡು ಬೆಚ್ಚಗಿರು," ಎಂದಳು.

ಗುರ್ ಎನ್ನುವುದು ನಿಂತಿತು. ಕೌದಿ ಅಗಿಯಿತು. ನುಂಗಿತು. ಆಮೇಲೆ, ಹಾಸಿಗೆಯೊಳಗಿಂದ ಮಾತಾಡುವವರ ದನಿಯಲ್ಲಿ, ಮೊದಲ ಬಾರಿಗೆ ಮಾತಾಡಿತು.

"ಒಳಗ ಏನಿತ್ತು?"

ಮಾಂತ್ರಿಕ ಬೆಚ್ಚಿದ. ತುಂಗಿ ಬೆಚ್ಚಲಿಲ್ಲ. ಅದೇ ಪ್ರಶ್ನೆ ಅವಳದೂ ಆಗಿತ್ತು. ಆ ಮಧ್ಯಾಹ್ನ ಎಲ್ಲರ ಜೊತೆ ಕೌದಿಯೂ ಕತೆ ಕೇಳುತ್ತಿತ್ತಲ್ಲ. ಹೊಟ್ಟೆ ಹೊಲಿಯುವಾಗ ಅದರ ಕಿವಿಗೆ ಬಿದ್ದ ಕೊನೆಯ ಮಾತು 'ಬಾಗಿಲು ತೆರೆಯಿತು, ಒಳಗೆ' ಎಂಬುದು.

"ಅದು ನಿನ್ನ ಹೊಟ್ಟ್ಯಾಗ ಐತಲ್ಲ, ಮಂತ್ರದಾಗ ಬಂದದ್ರಾಗ ಮೊದಲ ಅದನ್ನ ನುಂಗಿರ್ತಿ," ಎಂದಳು.

"ನುಂಗೀನಿ," ಎಂದಿತು ಕೌದಿ. "ಓದಾಕ ಬರಂಗಿಲ್ಲ."

ತುಂಗಿ ಮಾಂತ್ರಿಕನ ಕಡೆ ತಿರುಗಿದಳು. "ನೀವು ಒಂದನ್ನೂ ಓದಿ ಹೇಳಲಿಲ್ಲೇನ್ರಿ?"

"ಹೊಳೆಯಲಿಲ್ಲ," ಎಂದ ಕರಾಳದತ್ತ. "ನಿದ್ದೆಯಿಲ್ಲದವನಿಗೆ ಏನೂ ಹೊಳೆಯುವುದಿಲ್ಲ."

ಮೊದಲು ನುಂಗಿದ್ದು ಕೆಳಗೆ ಇರಬೇಕು. ತುಂಗಿ ಕೊನೆಗಳನ್ನು ಸರಿಸುತ್ತ ಹೋದಳು. ಬೆರಳಿಗೆ ತಾಗಿದಾಗ ಪ್ರತಿಯೊಂದೂ 'ನನ್ನನ್ನು ಓದು' ಎನ್ನುವ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಒಂದೆರಡನ್ನು ಓದಿಯೇಬಿಟ್ಟಳು, ಸುಳ್ಳೇಕೆ? ಕಟ್ಟಕಡೆಗೆ ತಳದಲ್ಲಿ ಕಂದು ಬಣ್ಣದ, ರೊಟ್ಟಿಯ ವಾಸನೆಯ ಒಂದು ಎಳೆ ಸಿಕ್ಕಿತು. ಬಿಡಿಸಿ ಹಿಡಿದಳು.

"ಓದ್ತೀನಿ. ಹೂಂ ಅನ್ನಬೇಕು," ಎಂದಳು. "ಬಾಗಿಲು ತೆರೆಯಿತು."

"ಹೂಂ," ಎಂದಿತು ಕೌದಿ. "ಹೂಂ," ಎಂದ ಮಾಂತ್ರಿಕ.

"ಒಳಗೆ ಚಿನ್ನವಿರಲಿಲ್ಲ. ಸಿಂಹಾಸನವಿರಲಿಲ್ಲ."

"ಹೂಂ," ಎಂದಿತು ಕೌದಿ. "ಹೂ..." ಎಂದ ಮಾಂತ್ರಿಕ.

"ಸಣ್ಣದೊಂದು ಅಡುಗೆಮನೆಯಿತ್ತು. ಒಲೆಯ ಮುಂದೆ ಒಬ್ಬ ಮುದುಕಿ ಕೂತಿದ್ದಳು."

"ಹೂಂ," ಎಂದಿತು ಕೌದಿ. ಮಾಂತ್ರಿಕ ಏನೂ ಅನ್ನಲಿಲ್ಲ. ಬಾಯಿ ತೆರೆದುಕೊಂಡು, ತಲೆ ಒಂದು ಕಡೆ ವಾಲಿ, ಗೊರಕೆ ಹೊಡೆಯುತ್ತಿದ್ದ.

ತುಂಗಿ ದನಿ ತಗ್ಗಿಸಿದಳು. "ಮುದುಕಿ ತಿರುಗಿ ನೋಡಿ, 'ಎಷ್ಟು ದೂರದಿಂದ ಬಂದೆಯೋ ಮಗನೇ, ಊಟ ಆಯಿತೇ?' ಎಂದು ಕೇಳಿದಳು. ಏಳು ದೇಶಗಳಲ್ಲಿ ಅವನನ್ನು ಯಾರೂ ಅದನ್ನು ಕೇಳಿರಲಿಲ್ಲ. ರಾಜಕುಮಾರ ಚಪ್ಪಲಿ ಬಿಟ್ಟು ಒಳಗೆ ಹೋದ. ಇಲ್ಲಿಗೆ ಕತೆ ಮುಗಿಯಿತು."

ಕೌದಿ ಕೊನೆಯದೊಂದು ಹೂಂ ಅಂದಿತು. ಆಮೇಲೆ ಸಣ್ಣದಾಗಿ ತೇಗಿತು.

ಆಗ ಹೊಟ್ಟೆಯಿಂದ ಕೊನೆಗಳು ಹೊರಟವು. ಮಳೆ ಬರುವ ಮುಂಚೆ ಗೂಡಿನ ಇರುವೆಗಳು ಹೊರಡುವ ಹಾಗೆ, ಸಾಲಾಗಿ, ಮಂಚ ಇಳಿದು, ಕಿಟಕಿ ಹತ್ತಿ, ತಮ್ಮ ತಮ್ಮ ಮನೆಯ ದಿಕ್ಕು ಹಿಡಿದವು. ಉಡಿಯಲ್ಲಿದ್ದ ಕೆಂಪು ಎಳೆ ಎಲ್ಲಕ್ಕಿಂತ ಮುಂದೆ ಓಡಿತು. ತುಂಗಿ ಕೌದಿಯ ಹೊಟ್ಟೆಯನ್ನು ತನ್ನ ಸೊಟ್ಟ ಹೊಲಿಗೆಯಲ್ಲಿ ಮುಚ್ಚಿ, ಗಂಟು ಹಾಕಿದಳು. ಗಂಟು ನಿಂತಿತು.

ಹೊರಗೆ ರಕ್ಕಸಿ, ಹಂಚಿನ ಮೇಲೆ ಬಹುಕಾಲದಿಂದ ಕಾಯುತ್ತಿದ್ದ ರೊಟ್ಟಿ ಬೆಂದಿತೆಂದು ಒಂದನ್ನು ಅವಳ ಕೈಗಿತ್ತಳು. ಕಮಾನಿನ ಹತ್ತಿರ ನಿಂತಿದ್ದವರೆಲ್ಲ ಹೋಗಿಯಾಗಿತ್ತು. ಗಿಳಿ, "ಕೌದಿ, ಉತ್ತರ ಕೌದಿ, ನೆನಪಾಯಿತು," ಎಂದು ಕೂಗಿತು. "ನಾ ಹೇಳಿದ್ನಲ್ಲ," ಎಂದಳು ತುಂಗಿ. "ಈಗ ಅದು ಸರಿ," ಎಂದಿತು ಗಿಳಿ. ಹುಲಿಯಿದ್ದ ತಿರುವಿನಲ್ಲಿ ಹುಲಿಯಿರಲಿಲ್ಲ, ದಾರಿಹೋಕನೂ ಇರಲಿಲ್ಲ. ಮುರಿದ ಕೊಡೆ ಬಿದ್ದಿತ್ತು. ಧೂಳಿನಲ್ಲಿ ಮನುಷ್ಯನ ಹೆಜ್ಜೆಯೂ ಹುಲಿಯ ಹೆಜ್ಜೆಯೂ ಅಕ್ಕಪಕ್ಕದಲ್ಲಿ, ಒಂದೇ ದಿಕ್ಕಿಗೆ ಹೋಗಿದ್ದವು. ತುಂಗಿ ಅವುಗಳ ಬೆನ್ನು ಹತ್ತಿ ಹೋಗಿ ನೋಡಬೇಕೆಂದುಕೊಂಡು, ಜೀವಮಾನದಲ್ಲಿ ಮೊದಲ ಬಾರಿಗೆ ನೋಡದೆ ಬಿಟ್ಟು, ಮನೆಗೆ ಓಡಿದಳು.

ಪಡಸಾಲೆಗೆ ಕಾಲಿಡುವಾಗ ಒಳಗಿನಿಂದ ಕೂಸಿನ ಅಳು ಕೇಳಿತು. ಅವಳು ಹೊಸ್ತಿಲಲ್ಲೇ ನಿಂತಳು. ಅಳು ಇತ್ತು, ಇತ್ತು, ಆಮೇಲೆ ನಿಂತಿತು. ಆ ನಿಂತದ್ದನ್ನು ಕೇಳಿ ಅವಳು ಗೋಡೆಗೆ ಒರಗಿ ಕೂತಳು.

"ಹೆಣ್ಣು," ಎಂದಳು ಫಕೀರವ್ವ ಹೊರಗೆ ಬಂದು. "ಹುಟ್ಟಿ ಕಣ್ಣ ತಗದ ಕೂಡ್ಲೇ ಎಲ್ಲಾರನೂ ಒಂದ ಸುತ್ತ ನೋಡೇತಿ. ನಿನ್ನಂಗ."

ಹೂವವ್ವ ಮಲಗಿದ್ದಳು. ತಂಗಿ ಬಂದದ್ದು ತಿಳಿದು ಕಣ್ಣು ತೆರೆಯದೆ ಕೈ ಚಾಚಿದಳು. "ಒಳಗ ಏನಿತ್ತಬೇ?" ಎಂದು ಕೇಳಿದಳು.

"ಹೇಳ್ತೀನಿ. ಮೊದಲ ಉಣ್ಣು," ಎಂದಳು ತುಂಗಿ.

ಬಾಳವ್ವ ಕೂಸಿನ ಕೌದಿಯನ್ನು ಆ ಮಧ್ಯಾಹ್ನವೇ ಮುಗಿಸಿದಳು. ಅದರ ಹೊಟ್ಟೆಗೆ ಒಂದರ ಬದಲು ಎರಡು ಚೂರು ರೊಟ್ಟಿ ಬಿತ್ತು. ಅದು ಮಲಗಿದ ಕೂಸಿಗೆ ಒತ್ತುತ್ತಿತ್ತು, ಆದರೆ ಯಾರೂ ತೆಗೆಯಲು ಒಪ್ಪಲಿಲ್ಲ. ಸೈನ್ಯ ಕರಿಗುಡ್ಡ ಮುಟ್ಟಿ, ಗೆದ್ದೆವೆಂದು ಕಹಳೆ ಊದಿತು. ರಾಜನ ಸಭೆ ಮುಗಿದು, ಸಮಸ್ಯೆ ಬಗೆಹರಿದಿದೆ ಎಂದು ಒಮ್ಮತದ ತೀರ್ಮಾನವಾಯಿತು. ನೆಂಟರು ಊರಿಗೆ ಹೋದರು. ಅಂದು ಕೇರಿಯಲ್ಲಿ ಹೋಳಿಗೆ ಮಾಡಿದ್ದು ಕೂಸು ಹುಟ್ಟಿದ್ದಕ್ಕೆ ಎಂದು ಆಮೇಲೆ ಎಲ್ಲರೂ ನೆಂಟರಿಗೆ ಹೇಳಿಕಳಿಸಿದರು.

ಇನ್ನು ಕರಾಳದತ್ತ. ಅವನು ಎದ್ದಾಗ ಗಡ್ಡ ಮಂಚದಿಂದ ಕೆಳಗಿಳಿದಿತ್ತು, ಮಂತ್ರಗಳೆಲ್ಲ ಮರೆತುಹೋಗಿದ್ದವು. ಮರೆತದ್ದಕ್ಕೆ ಅವನಿಗೆ ಬೇಜಾರಾಗಲಿಲ್ಲ. ಆದರೆ ಒಂದು ವಿಷಯ ಕಾಡತೊಡಗಿತು. ಕೌದಿಯನ್ನು ಕೇಳಿದ. ಹೊಟ್ಟೆ ತುಂಬಿದ ಕೌದಿಗಳು ಮಾತಾಡುವುದಿಲ್ಲ. ಕೊನೆಗೆ ಅದನ್ನು ಹೆಗಲ ಮೇಲೆ ಹೊತ್ತು ಪಡುವಣ ಕೇರಿಗೆ ಬಂದು, ಪಡಸಾಲೆಯ ಹೊಸ್ತಿಲಲ್ಲಿ ನಿಂತು, "ಬಾಗಿಲ ಒಳಗೆ ಏನಿತ್ತು?" ಎಂದು ಕೇಳಿದ.

"ಕೂಡ್ರಿ, ಓದ್ತೀನಿ," ಎಂದಳು ತುಂಗಿ. ಹೆಂಗಸರು ಅವನ ಕೈಗೂ ಒಂದು ಅಂಚು ಕೊಟ್ಟರು. ಅವನು ಹೂಂ ಅಂದ, ಹೂಂ ಅಂದ, ಬಾಗಿಲು ತೆರೆಯುವ ಹೊತ್ತಿಗೆ ಗೊರಕೆ ಹೊಡೆದ.

ಅಂದಿನಿಂದ ಅವನು ದಿನಾ ಮಧ್ಯಾಹ್ನ ಬರುತ್ತಾನೆ, ಮುದುಕಿ ಒಲೆಯಿಂದ ತಿರುಗಿ ನೋಡುವ ಮುಂಚೆಯೇ ಮಲಗಿಬಿಡುತ್ತಾನೆ. ಎಬ್ಬಿಸಿ ಹೇಳಿದರಾಯಿತು ಎಂದು ಹೂವವ್ವ ಒಮ್ಮೆ ಅಂದಳು. ದೊಡ್ಡವ್ವ ಬೇಡವೆಂದಳು. ಮೈಮೇಲೆ ಒಂದು ಕೌದಿ ಎಳೆದು ಹಾಕಿದಳು. ನೂಲಗಿರಿಯಲ್ಲಿ ಹೀಗೆ ಎಲ್ಲರೂ ಉಂಡು, ಹೊದ್ದು, ಓದಿಸಿಕೊಂಡು ಸುಖವಾಗಿದ್ದರು. ಇದನ್ನು ಕೇಳಿದವರ ಹೊಟ್ಟೆ ತುಂಬಿರಲಿ, ಹೇಳಿದವರಿಗೂ ಒಂದು ಚೂರು ರೊಟ್ಟಿ ಉಳಿದಿರಲಿ.